ಉಸಿರಿಗೆ ತಿರುಗುವ ಚಕ್ರ

ನಮ್ಮ ಉಸ್ತಾದರ ಮೀಸೆ ಯಾವಾಗಲೂ ಕಪ್ಪು. ಬಣ್ಣವಲ್ಲ, ಟರ್ಬೊದ ಮಸಿ. ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ಅವರದೊಂದು ತಗಡಿನ ಗ್ಯಾರೇಜು. ಮಂಠಾಳದವನಾದ ನಾನು ಹಡಗಿನ ಎಂಜಿನಿಯರ್ ಆಗುವ ಮುಂಚೆ ಎರಡು ವರ್ಷ ಅಲ್ಲಿ ಕೆಲಸ ಕಲಿತೆ.

ಟರ್ಬೊ ಎಂದರೆ ಎಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಅದೇ ಎಂಜಿನ್ನಿಗೆ ಗಾಳಿ ತುಂಬುವ ಯಂತ್ರ. ಲಾರಿಯದು ಕೈಯಲ್ಲಿ ಎತ್ತುವಷ್ಟು, ಹಡಗಿನದು ಆಳೆತ್ತರ. ಹಡಗಿನಲ್ಲಿ ನಾವು ಮಾಸ್ಕು ಕಟ್ಟಿಕೊಂಡು ಮಸಿ ತೆಗೆಯುತ್ತೇವೆ, ಬೇರಿಂಗಿನ ಸವೆತವನ್ನು ಗೇಜಿಟ್ಟು ಕೂದಲೆಳೆಯಷ್ಟೂ ಬಿಡದೆ ಅಳೆಯುತ್ತೇವೆ. ಉಸ್ತಾದರಿಗೆ ಅದೆಲ್ಲ ತಮಾಷೆ. ಬ್ರಷ್‌ನಿಂದ ಮಸಿ ಉಜ್ಜಿ, ಎಣ್ಣೆ ಬಿಟ್ಟು, ಚಕ್ರಕ್ಕೆ ಬಾಯಿಂದ ಒಮ್ಮೆ ಊದುವರು. ತಿರುಗಿದರೆ ಪಾಸು.

"ಉಸುರಿಗೆ ತಿರಗ್ಲಿಲ್ಲಂದ್ರ ಹೊಗಿಗೆ ಹ್ಯಾಂಗ ತಿರಗ್ತದ?" ಎನ್ನುವರು.

ಒಮ್ಮೆ ರಜೆಗೆ ಬಂದಾಗ ಅವರಿಗೂ ಹಡಗಿನ ಮಾಸ್ಕೊಂದನ್ನು ತಂದುಕೊಟ್ಟೆ. ಅದನ್ನು ಮೊಳೆಗೆ ತೂಗುಹಾಕಿ, "ಬಾಯಿ ಕಟ್ಟಿದ್ರ ಊದೋದು ಹ್ಯಾಂಗಪಾ, ಜಹಾಜಿ?" ಎಂದರು. ನಾನೂ ನಕ್ಕುಬಿಟ್ಟೆ. ಆ ನಗುವಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೋದ ವರ್ಷ ಬಂದಾಗ ಬಸವಕಲ್ಯಾಣದ ಲಾರಿಯೊಂದರ ಟರ್ಬೊ ಮುಂದಿಟ್ಟುಕೊಂಡು ಬೈಯುತ್ತ ಕುಳಿತಿದ್ದರು. ಎಷ್ಟು ಊದಿದರೂ ಚಕ್ರ ಅಲುಗುತ್ತಿಲ್ಲ.

"ಎರಡ್ ದಫಾ ಬೇರಿಂಗ್ ಬದ್ಲಿ ಮಾಡೀನಿ. ಮಾಲೇ ನಕಲಿ ಬರಾಕತ್ತದ," ಎಂದು ಬೇರಿಂಗ್ ಮಾರಿದವನ ವಂಶವನ್ನೆಲ್ಲ ಜಾಲಾಡಿದರು.

ನಾನು ಬೆರಳಿಟ್ಟು ನೋಡಿದೆ. ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಬಗ್ಗಿ ಊದಿದೆ.

ಚಕ್ರ ಗರಗರ ತಿರುಗಿತು.

ಉಸ್ತಾದರು ನನ್ನನ್ನೇ ನೋಡಿದರು. ಆಮೇಲೆ ಕತ್ತಿನ ನರ ಉಬ್ಬುವಂತೆ ತಾವೂ ಇನ್ನೊಮ್ಮೆ ಊದಿದರು. ಕೆಮ್ಮು ಬಂತು, ಚಕ್ರ ಕದಲಲಿಲ್ಲ. ನಾನು ಹುಚ್ಚನ ಹಾಗೆ ಮತ್ತೆ ಮತ್ತೆ ಬೆರಳಿಟ್ಟು ಆ ಬೇರಿಂಗಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

"ಬಿಡು," ಎಂದರು ಮೆಲ್ಲಗೆ, ಎದೆಯ ಮೇಲೆ ಕೈಯಿಟ್ಟುಕೊಂಡು. "ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಾಕತ್ತಿದ್ದೆ ನಾ. ಬೇರಿಂಗ್ ಇಲ್ಲಿ ಹೋಗ್ಯಾದ."

ಬೀದರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ವರ್ಷಗಟ್ಟಲೆ ಮಸಿ ಕುಡಿದ ಶ್ವಾಸಕೋಶ, ತೀರಾ ತಡವಾಗಿ ಬಂದಿರಿ ಎಂದರು. ಆಸ್ಪತ್ರೆಯಲ್ಲಿ ಮುಖ ತೊಳೆಸಿದಾಗ ಉಸ್ತಾದರ ಮೀಸೆ ಪೂರ್ತಿ ಬೆಳ್ಳಗಿತ್ತು. ಯಾರೋ ಬೇರೆಯವರ ಹಾಸಿಗೆಯ ಹತ್ತಿರ ಬಂದೆನೇನೋ ಎಂದು ಬೆಚ್ಚಿಬಿದ್ದೆ.

ನಾನು ಹಡಗಿಗೆ ಮರಳಿದ ಎರಡನೇ ತಿಂಗಳಲ್ಲಿ ಹೋಗಿಬಿಟ್ಟರು. ಆ ರಜೆಗೆ ಬರುವ ಮುಂಚೆಯೇ ಎಷ್ಟು ಸಲ ಫೋನಿನಲ್ಲಿ ಅವರ ಕೆಮ್ಮು ಕೇಳಿದ್ದೆನೋ. ಕೂದಲೆಳೆಯ ಸವೆತ ಹಿಡಿಯಲು ಸಂಬಳ ತಿನ್ನುವ ನಾನು ಅದನ್ನು ಹಿಡಿಯಲಿಲ್ಲ.

ಹಡಗಿನ ಟರ್ಬೊ ಬಿಚ್ಚಿ, ಗೇಜು ಎಲ್ಲ ಸರಿಯಿದೆ ಎಂದು ತೋರಿಸಿದರೆ ಜೊತೆಯವರಿಗೆ ಸಮಾಧಾನ. ನನಗೆ ಮಾತ್ರ ಆ ಲಾರಿಯ ಚಕ್ರ ಕಣ್ಣಿಗೆ ಕಟ್ಟುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ, ಬೇರಿಂಗು ಕೆಟ್ಟೇ ಇರಲಿ ದೇವರೇ ಎಂದು ಬೇಡಿಕೊಂಡದ್ದು ಅದೊಂದೇ ಸಲ.