ಲೈನ್‌ಮನ್ ಉರುಕುಂದನ ಅಂಜಿಕೆ

ಪೆದ್ದಹರಿವಾಣಂ ಸುತ್ತಿನ ಊರುಗಳಲ್ಲಿ ಲೈನ್‌ಮನ್ ಉರುಕುಂದ ಎಂದರೆ ಎದೆಗಾರ ಎಂದೇ ಹೆಸರು. ಗಾಳಿಮಳೆಗೆ ತಂತಿ ಹರಿದು ಬಿದ್ದರೆ ಬೇರೆಯವರು ಮಳೆ ನಿಲ್ಲಲಿ ಎನ್ನುವಷ್ಟರಲ್ಲಿ ಇವನು ಹಗ್ಗ ಹೆಗಲಿಗೇರಿಸಿಕೊಂಡು ಕಂಬದ ಬುಡದಲ್ಲಿರುತ್ತಿದ್ದ. ಒಮ್ಮೆ ಕರೆಂಟು ಹೊಡೆದು ಕಂಬದ ಮೇಲೆಯೇ ನೇತುಬಿದ್ದಿದ್ದ ಕೂಲಿಯವನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದ್ದನ್ನು ಜನ ಇಂದಿಗೂ ಹೇಳುತ್ತಾರೆ. ಅಂಥ ಉರುಕುಂದ ಕರ್ನೂಲಿನ ಆಸ್ಪತ್ರೆಯ ಕೋಣೆಯೊಂದರಲ್ಲಿ ಕುರ್ಚಿಯ ಮೇಲೆ ಕೂತಲ್ಲಿಯೇ ಬೆವೆತುಹೋದ.

ಕಿಡ್ನಿ ಡಾಕ್ಟರು ಹೇಳುತ್ತಿದ್ದುದು ಒಳ್ಳೆಯ ಸುದ್ದಿಯನ್ನೇ. ಅವನ ಅಕ್ಕ ಗಿಡ್ಡಮ್ಮನ ಎರಡೂ ಕಿಡ್ನಿಗಳು ಕೆಟ್ಟು, ಆಕೆ ವಾರಕ್ಕೆ ಮೂರು ಸಲ ಆದೋನಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಳು. ಆಕೆಯ ಮಗಳು ಚಂದನಾ ತಾನು ಕೊಡುತ್ತೇನೆಂದು ಮುಂದೆ ಬಂದಿದ್ದಳು, ರಕ್ತದ ಗುಂಪು ಹೊಂದಲಿಲ್ಲ. ಉರುಕುಂದನದು ಹೊಂದಿತು. ಉಳಿದ ಪರೀಕ್ಷೆಗಳೂ ಸರಿಬಂದವು. ಡಾಕ್ಟರು ಸಂತೋಷದಿಂದ ತಮ್ಮ ಪಕ್ಕೆಯ ಮೇಲೆಯೇ ಪೆನ್ನು ಆಡಿಸಿ ಎಲ್ಲಿಂದ ಎಲ್ಲಿಯವರೆಗೆ ಕೊಯ್ಯುತ್ತೇವೆಂದು ತೋರಿಸಿದರು. ಒಂದೇ ಕಿಡ್ನಿಯಲ್ಲಿ ಮನುಷ್ಯ ಚೆನ್ನಾಗಿ ಬಾಳುತ್ತಾನೆ, ನೀವು ಮತ್ತೆ ಕೆಲಸಕ್ಕೂ ಹೋಗಬಹುದು ಎಂದರು. ಉರುಕುಂದ ಎಲ್ಲದಕ್ಕೂ ತಲೆಯಾಡಿಸಿದ. ಅವನ ಕಿವಿಯಲ್ಲಿ ಉಳಿದದ್ದು ಕೊಯ್ಯುವ ಮಾತೊಂದೇ.

ಗಿಡ್ಡಮ್ಮ ಬರೀ ಅಕ್ಕನಲ್ಲ, ಅವನನ್ನು ಸಾಕಿದವಳು. ತಾಯಿ ಸತ್ತಾಗ ಅವನಿನ್ನೂ ಚಡ್ಡಿ ಹಾಕಿಕೊಳ್ಳಲು ಬಾರದ ಹುಡುಗ. ಆಲೂರಿಗೆ ಮದುವೆಯಾಗಿ ಹೋಗುವಾಗ ಆಕೆ, ತಮ್ಮನೂ ನನ್ನ ಸಂಗಡ ಬರುತ್ತಾನೆ, ಒಪ್ಪಿಗೆಯಿದ್ದರೆ ತಾಳಿ ಕಟ್ಟಲಿ ಎಂದಿದ್ದಳಂತೆ. ಗಂಡ ಹೋದ ಮೇಲೆ ಬಸ್‌ಸ್ಟ್ಯಾಂಡಿನ ಪಕ್ಕ ಉಗ್ಗಾಣಿ, ಬಜ್ಜಿ ಮಾರುತ್ತ ಮಗಳನ್ನೂ ತಮ್ಮನನ್ನೂ ಓದಿಸಿದಳು. ಉರುಕುಂದನಿಗೆ ಕರೆಂಟಿನ ಕೆಲಸ ಸಿಕ್ಕ ದಿನ ಬಾಂಡಲೆಯಲ್ಲಿದ್ದ ಬಜ್ಜಿಯನ್ನೆಲ್ಲ ಬಸ್ಸಿಗೆ ಕಾಯುತ್ತಿದ್ದವರಿಗೆ ಹಂಚಿಬಿಟ್ಟಿದ್ದಳು.

ಇಷ್ಟೆಲ್ಲ ನೆನಪಿದ್ದೂ ಅವನಿಗೆ ಧೈರ್ಯ ಬರಲಿಲ್ಲ. ಅಂದು ಆಸ್ಪತ್ರೆಯಿಂದ ಹೊರಬಂದಾಗ ಚಂದನಾ ಕಣ್ಣರಳಿಸಿ, ಯಾವಾಗ ಆಪರೇಷನ್ ಮಾಮ, ಎಂದು ಕೇಳಿದಳು. ಅವನು ನೆಲ ನೋಡುತ್ತ, ನಿಮ್ಮ ಅತ್ತಿ ಬ್ಯಾಡಂತಾಳ, ಎಂದುಬಿಟ್ಟ.

ಅವನ ಹೆಂಡತಿ ಉಮಾಮಹೇಶ್ವರಿ ಹಾಗೆ ಅಂದಿರಲೇ ಇಲ್ಲ. ಪರೀಕ್ಷೆಗೆ ಹೊರಟ ದಿನ ಆಕೆಯೇ ಬುತ್ತಿ ಕಟ್ಟಿಕೊಟ್ಟು, ಅಕ್ಕ ಇಲ್ಲದಿದ್ದರೆ ನೀವೆಲ್ಲಿ ಇರುತ್ತಿದ್ದಿರಿ, ಹೊಂದಿದರೆ ಕೊಟ್ಟುಬಿಡಿರಿ ಎಂದು ಹೇಳಿ ಕಳಿಸಿದ್ದಳು. ಆ ಮಾತನ್ನೇ ಅವನು ತಿರುಗಿಸಿ ಆಕೆಯ ತಲೆಗೆ ಕಟ್ಟಿದ್ದ. ಆ ಸುಳ್ಳು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ಅವನೇ ಬೆಚ್ಚಿದ. ಮನೆಗೆ ಹೋಗಿ ಹೆಂಡತಿಗೆ, ಇನ್ನೂ ಪರೀಕ್ಷೆ ಬಾಕಿ ಐತಿ ಎಂದ.

ಆ ದಿನಗಳಲ್ಲೇ ಫೋನಿನಲ್ಲಿ ಒಂದು ವಿಡಿಯೋ ಕಂಡಿತು. ಹೈದರಾಬಾದಿನ ಯಾವುದೋ ಖಾಸಗಿ ಕ್ಲಿನಿಕ್ಕಿನದು. ರೋಗಿಯ ಸೊಂಟದ ಮೂಳೆಯಿಂದಲೇ ಸ್ಟೆಮ್ ಸೆಲ್ ಎಂಬ ಕಾಂಡಕೋಶಗಳನ್ನು ತೆಗೆದು, ಶುದ್ಧಮಾಡಿ, ಅವರ ರಕ್ತಕ್ಕೇ ಬಿಡುತ್ತಾರೆ, ಸತ್ತ ಕಿಡ್ನಿ ಚಿಗುರುತ್ತದೆ ಎಂದು ಬಿಳಿ ಕೋಟಿನವನೊಬ್ಬ ತೆಲುಗಿನಲ್ಲಿ ಹೇಳುತ್ತಿದ್ದ. ಆಪರೇಷನ್ ಇಲ್ಲ, ದಾನಿ ಬೇಕಿಲ್ಲ. ದಾನಿ ಬೇಕಿಲ್ಲ ಎನ್ನುವಲ್ಲಿಗೆ ಬಂದಾಗ ಉರುಕುಂದ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ಕೇಳಿದ.

ಒಬ್ಬನೇ ಕರ್ನೂಲಿಗೆ ಹೋಗಿ ಡಾಕ್ಟರಿಗೆ ಅದನ್ನು ತೋರಿಸಿದ. ಅವರು ತಾಳ್ಮೆಯಿಂದ ನೋಡಿ, ಇದರ ಮೇಲೆ ಸಂಶೋಧನೆ ನಡೆದಿರುವುದು ನಿಜ, ಆದರೆ ಕಿಡ್ನಿ ರೋಗಕ್ಕೆ ಇದು ಇನ್ನೂ ಚಿಕಿತ್ಸೆಯಾಗಿಲ್ಲ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಇದನ್ನು ಯಾರೂ ಮಾರಬಾರದು ಎಂದರು. ಡಯಾಲಿಸಿಸ್ ಮಾತ್ರ ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು. ಉರುಕುಂದ ಆಲೂರಿಗೆ ಬಂದು ಅಕ್ಕನ ಮುಂದೆ ಕೂತು, ಡಾಕ್ಟರೂ ನೋಡೋಣ ಅಂದರು ಎಂದು ಹೇಳಿದ.

ಗಿಡ್ಡಮ್ಮ ಈರುಳ್ಳಿ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿ ತಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ, ನೀ ಕರಕೊಂಡು ಹೋಗ್ತೀನಂದ್ರ ನಾ ಯಾಕ ಬ್ಯಾಡನ್ನಲಿ, ಎಂದಳು.

ಕ್ಲಿನಿಕ್ಕು ಹೋಟೆಲಿನಂತೆ ಇತ್ತು. ಆಕೆಯ ಸೊಂಟಕ್ಕೆ ದಪ್ಪ ಸೂಜಿ ಚುಚ್ಚಿ ಮಜ್ಜೆ ತೆಗೆದರು. ಬಾಗಿಲ ಹೊರಗೆ ನಿಂತಿದ್ದ ಉರುಕುಂದನಿಗೆ ಆಕೆ ನರಳಿದ್ದು ಕೇಳಿಸಿತು. ತಾನು ತಪ್ಪಿಸಿಕೊಂಡ ನೋವನ್ನು ಆಕೆಗೇ ಉಣ್ಣಿಸುತ್ತಿದ್ದೇನೆ ಅನ್ನಿಸಿ ಅವನು ಮೆಟ್ಟಿಲಿಳಿದು ರಸ್ತೆಗೆ ಹೋಗಿ ನಿಂತ. ಸಂಜೆ ಕೈನರಕ್ಕೆ ಡ್ರಿಪ್ಪಿನಲ್ಲಿ ಏನನ್ನೋ ಬಿಟ್ಟರು. ಹೊರಡುವಾಗ, ಇನ್ನು ಮೆಲ್ಲಗೆ ಡಯಾಲಿಸಿಸ್ ಕಡಿಮೆ ಮಾಡಿಕೊಳ್ಳಬಹುದು ಎಂದು ಹೇಳಿ ಕಳಿಸಿದರು.

ಊರಿಗೆ ಬಂದ ಮೊದಲ ವಾರ ಗಿಡ್ಡಮ್ಮನಿಗೆ ಹಗುರವೆನಿಸಿತು, ಇಲ್ಲವೇ ಹಗುರವೆಂದು ಆಕೆ ಹೇಳಿದಳು. ಉರುಕುಂದ ಹಿಗ್ಗಿದ. ಒಂದು ಸಲ ಡಯಾಲಿಸಿಸ್ ಬಿಟ್ಟು ನೋಡೋಣ ಎಂದವನು ಅವನೇ. ಚಂದನಾ ಅನುಮಾನಿಸಿದಾಗ, ದೊಡ್ಡೋರು ಹೇಳ್ಯಾರ, ಅವರಿಗೆ ಗೊತ್ತಾಗಲ್ಲೇನು, ಎಂದು ಬಾಯಿ ಮುಚ್ಚಿಸಿದ. ಮುಂದಿನದನ್ನೂ ಬಿಟ್ಟರು, ಅದರ ಮುಂದಿನದನ್ನೂ ಬಿಟ್ಟರು. ಕಾಲು ಬಾತವು, ಮುಖ ಬಾತಿತು. ಒಂದು ಬೆಳಿಗ್ಗೆ ಗಿಡ್ಡಮ್ಮ ಒಲೆಯ ಮುಂದೆ ಉಸಿರು ಸಿಗದೆ ಗೋಡೆಗೆ ಒರಗಿದಳು. ಆಂಬುಲೆನ್ಸು ಕರ್ನೂಲು ಮುಟ್ಟುವ ಹೊತ್ತಿಗೆ ತುಟಿ ನೀಲಿಯಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿ, ಹೃದಯಕ್ಕೂ ಪೆಟ್ಟು ಬಿದ್ದಿತ್ತು.

ಅದೇ ಡಾಕ್ಟರು. ಅವರು ಬೈಯಲಿಲ್ಲ. ಎಷ್ಟು ದಿನ ತಪ್ಪಿಸಿದ್ದೀರಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಸುಮ್ಮನೆ ಒಳಗೆ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅವನಿಗೆ.

ಆಕೆ ಕಣ್ಣುಬಿಟ್ಟು ಮಾತಾಡುವಂತಾದ ದಿನ ಉರುಕುಂದ ಮಂಚದ ಪಕ್ಕ ಕೂತ.

"ಅಕ್ಕ, ನಂದು ಕೊಡ್ತೀನಿ. ಉಮಾ ಏನೂ ಅಂದಿಲ್ಲ. ನನಗ ಅಂಜಿಕಿ ಆಗಿತ್ತು."

ಗಿಡ್ಡಮ್ಮ ಆಕ್ಸಿಜನ್ ನಳಿಕೆಯನ್ನು ತುಸು ಸರಿಸಿಕೊಂಡಳು.

"ಉಮಾ ಹಂಗ ಅನ್ನಾಕಿ ಅಲ್ಲಂತ ನನಗ ಗೊತ್ತು. ನಿನ್ನ ಅಂಜಿಕೀನೂ ಗೊತ್ತಿತ್ತು. ಸಣ್ಣಾಂವ ಇದ್ದಾಗ ಸೂಜಿ ಮಾಡಾಕ ಬಂದ್ರ ನನ್ನ ಸೀರಿಯೊಳಗ ಅಡಕ್ಕೊಂತಿದ್ದಿ."

"ಹಂಗಾದ್ರ ಹೈದರಾಬಾದಿಗೆ ಯಾಕ ಬಂದಿ ಅಕ್ಕ?"

"ನಾನೂ ಏನರ ಮಾಡಿದೆ ಅಂತ ನಿನಗ ಅನ್ನಿಸಲಿ ಅಂತ. ಇಲ್ಲಾಂದ್ರ ನೀ ನನ್ನ ಮುಖ ನೋಡತಿದ್ದಿಲ್ಲ."

ಅವನು ಎದ್ದು ಹೊರಗೆ ಬಂದ. ಕಾರಿಡಾರಿನಲ್ಲಿ ಜನವೋ ಜನ. ಅಳುವುದಕ್ಕೂ ಒಂದು ಮರೆ ಸಿಗಲಿಲ್ಲ. ಅಕ್ಕ ಅವನ ಸುಳ್ಳನ್ನು ಸುಳ್ಳೆಂದು ತಿಳಿದೇ ಮೂಳೆಗೆ ಸೂಜಿ ಚುಚ್ಚಿಸಿಕೊಂಡಿದ್ದಳು, ತಮ್ಮನ ಮಾನ ಉಳಿಯಲೆಂದು. ಅವನಿಗೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅಂದೇ ಡಾಕ್ಟರ ಬಳಿ ಹೋಗಿ ಕಿಡ್ನಿ ಕೊಡುತ್ತೇನೆಂದ. ಅವರು ತಲೆ ಅಲ್ಲಾಡಿಸಿದರು. ಹೃದಯ ಸೋತಿದೆ, ಈಗ ಆಕೆ ಆಪರೇಷನ್ ತಾಳಲಾರಳು, ಸುಧಾರಿಸಿದರೆ ಮುಂದೆ ನೋಡೋಣ, ಸುಧಾರಿಸದೆಯೂ ಇರಬಹುದು ಎಂದರು.

ಮುಂದಿನದು ಅವನು ಎಣಿಸಿರದಿದ್ದ ಶಿಕ್ಷೆ. ಕೊಡಲು ಹೋಗಿದ್ದ ಸುದ್ದಿ ಹೇಗೋ ಪೆದ್ದಹರಿವಾಣಂ ಮುಟ್ಟಿತು. ತಮ್ಮ ಅಂದ್ರ ಹಿಂಗಿರಬೇಕು, ಅಕ್ಕನ ದೈವ ಕೂಡಿಬರಲಿಲ್ಲ ಅಷ್ಟೇ ಎಂದು ಚಹಾದಂಗಡಿಯಲ್ಲಿ ಮಾತಾಯಿತು. ಹರೆಯದವರು ಅವನು ಕಂಬ ಹತ್ತಿದ ಹಳೇ ಫೋಟೋ ಹುಡುಕಿ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ಜೊತೆಗೆ ಕೆಲಸಮಾಡುವ ಲಕ್ಷ್ಮಿಕಾಂತ್ ಎಲ್ಲರೆದುರು ಅವನ ಕೈಕುಲುಕಿದ. ಉರುಕುಂದ ಕೈಯನ್ನು ಬಿಡಿಸಿಕೊಳ್ಳಲೂ ಆಗದೆ, ಇಟ್ಟುಕೊಳ್ಳಲೂ ಆಗದೆ ನಿಂತ.

ಇತ್ತ ಉಮಾ ಆಸ್ಪತ್ರೆಗೆ ಊಟ ಒಯ್ದಾಗಲೆಲ್ಲ ಚಂದನಾ ಮುಖ ತಿರುಗಿಸುತ್ತಿದ್ದಳು. ಡಬ್ಬಿ ತೆಗೆದುಕೊಳ್ಳುವಳು, ಮಾತಾಡಳು. ನಾನೇನು ಮಾಡಿದೆನೆಂದು ಉಮಾ ಒಂದು ರಾತ್ರಿ ಊಟ ಬಡಿಸುತ್ತ ಗಂಡನನ್ನು ಕೇಳಿದಳು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೇಳಿದ.

ಉಮಾ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು. "ಅಂಜಿದ್ದಕ್ಕ ನಾ ಏನೂ ಅನ್ನಲ್ರಿ. ನನ್ನ ಹೆಸರು ಯಾಕ ತಂದ್ರಿ?" ಎಂದಳು. "ನಾಳೆ ಆ ಹುಡಿಗಿ ಮುಂದ ಹೇಳ್ರಿ. ನಾನೂ ಇರ್ತೀನಿ."

ಗಿಡ್ಡಮ್ಮ ಅಷ್ಟರಲ್ಲಿ ಆಲೂರಿಗೆ ಮರಳಿದ್ದಳು. ಅಂಗಡಿಯನ್ನು ಚಂದನಾ ನಡೆಸುತ್ತಿದ್ದಳು. ಬಸ್ಸುಗಳಿಲ್ಲದ ಮಧ್ಯಾಹ್ನ ಗಂಡಹೆಂಡಿರು ಅಲ್ಲಿಗೆ ಹೋದರು. ಉರುಕುಂದ ನಿಂತೇ ಎಲ್ಲವನ್ನೂ ಹೇಳಿದ. ಅತ್ತೆಯ ಹೆಸರು ಹೇಳಿದ್ದು ಸುಳ್ಳು, ಡಾಕ್ಟರು ನೋಡೋಣ ಅಂದರೆಂಬುದೂ ಸುಳ್ಳು, ಅವರು ಬೇಡವೆಂದಿದ್ದರು. ಹೇಳುತ್ತ ಹೋದಂತೆ ತನ್ನ ದನಿಯೇ ತನಗೆ ಪರಕೀಯವಾಗಿ ಕೇಳಿಸಿತು.

ಚಂದನಾ ಬಾಂಡಲೆಯ ಕೆಳಗಿನ ಉರಿ ಆರಿಸಿದಳು. "ಅವ್ವಗ ಗೊತ್ತಿತ್ತೇನು?"

"ಗೊತ್ತಿತ್ತು."

ಆಕೆ ಇವನ ಕಡೆ ನೋಡಲಿಲ್ಲ. ಕುರ್ಚಿಯನ್ನು ಸೆರಗಿನಿಂದ ಒರೆಸಿ ಉಮಾಳ ಮುಂದೆ ಇಟ್ಟು, "ಕುಂದ್ರು ಅತ್ತಿ, ತಪ್ಪಾತು ನಂದು," ಎಂದಳು. ಉಮಾ ಆಕೆಯ ಕೈ ಹಿಡಿದುಕೊಂಡಳು. ಉರುಕುಂದ ಬಿಸಿಲಿನಲ್ಲಿ ನಿಂತೇ ಇದ್ದ. ಅವನಿಗೆ ಯಾರೂ ಕುಂದ್ರು ಎನ್ನಲಿಲ್ಲ, ಅದು ಸರಿಯೆಂದೇ ಅವನಿಗೆ ತೋರಿತು.

ಈಗ ಡ್ಯೂಟಿ ಬದಲಿಸಿಕೊಂಡು ಅವನೇ ಅಕ್ಕನನ್ನು ಆದೋನಿಗೆ ಕರೆದೊಯ್ಯುತ್ತಾನೆ. ಡಯಾಲಿಸಿಸ್ ಒಂದೂ ತಪ್ಪಿಲ್ಲ. ಹೃದಯ ತುಸು ಸುಧಾರಿಸಿದೆ, ಆಪರೇಷನ್ ಮಾಡುವಷ್ಟು ಇನ್ನೂ ಇಲ್ಲ. ಡಾಕ್ಟರ ಬಳಿ ಅವನು ತನ್ನ ಅಂಜಿಕೆಯನ್ನೂ ಹೇಳಿಕೊಂಡಿದ್ದಾನೆ. ಕೊಡುವವರೆಲ್ಲ ಅಂಜುತ್ತಾರೆ, ಮೊದಲೇ ಹೇಳಬೇಕಿತ್ತು ಎಂದರಂತೆ ಅವರು. ಚಂದನಾ ಅವನೊಂದಿಗೆ ಬೇಕಾದಷ್ಟೇ ಮಾತಾಡುತ್ತಾಳೆ.

ಊರಲ್ಲಿ ಯಾರಾದರೂ ಹೊಗಳಿದರೆ ಅವನು, ಹಂಗಲ್ಲ, ನಾ ಮೊದಲು ಹಿಂದ ಸರದಿದ್ದೆ, ಆಕಿ ಹೃದಯ ಕೆಟ್ಟಿದ್ದು ನನ್ನಿಂದ, ಎಂದು ಬಾಯಿಬಿಟ್ಟು ಹೇಳುತ್ತಾನೆ. ಕೆಲವರು ಸುಮ್ಮನಾಗುತ್ತಾರೆ. ಹೆಚ್ಚಿನವರು, ಎಂಥ ಸೊಕ್ಕಿಲ್ಲದ ಮನುಷ್ಯ ನೋಡು, ತನ್ನನ್ನೇ ಬೈಕೊಂತಾನ ಎಂದು ಮತ್ತಷ್ಟು ಹೊಗಳುತ್ತಾರೆ. ಉರುಕುಂದ ತಲೆತಗ್ಗಿಸಿ, ಮೊದಲಿಂದ ಮತ್ತೊಮ್ಮೆ ಹೇಳತೊಡಗುತ್ತಾನೆ.