ಮುಳುಗಿದ ಮನೆಯ ಮುಂಬಾಗಿಲು

ನಲ್ಲಿಯೊಂದು ಬತ್ತುವ ಮುನ್ನ ಗಂಟಲು ಸರಿಮಾಡಿಕೊಳ್ಳುತ್ತದೆ ಎಂಬುದನ್ನು ತಾವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಈ ಬೇಸಿಗೆಯಲ್ಲಿ ಬಾಳ್ಳುಪೇಟೆಯ ನಮ್ಮ ಮನೆಯ ನಲ್ಲಿ, ತಿರುಪಿದೊಡನೆ, ಭಾಷಣಕ್ಕೆ ನಿಂತ ಅಧ್ಯಕ್ಷರ ಹಾಗೆ ಒಮ್ಮೆ ಕೆಮ್ಮಿ, ದೀರ್ಘವಾಗಿ ಉಸಿರೆಳೆದು, ಏನನ್ನೂ ಹೇಳದೆ ಸುಮ್ಮನಾಗುತ್ತಿತ್ತು. ಮೊದಮೊದಲು ನಕ್ಕೆ. ಆಮೇಲೆ ತಿರುಪದೆ ಇದ್ದಾಗಲೂ ಅದು ಉಸಿರಾಡುವುದು ಕೇಳಿಸತೊಡಗಿ ನಗು ನಿಂತಿತು. ಹೇಮಾವತಿಯ ನೀರು ಕುಡಿಯುವ ದೂರದ ನಗರದಲ್ಲಿರುವ ನನ್ನ ಭಾವಮೈದುನ ದಿನವೂ ಫೋನು ಮಾಡಿ, ಆಸ್ಪತ್ರೆಯಲ್ಲಿರುವ ಹಿರಿಯರನ್ನು ವಿಚಾರಿಸುವ ದನಿಯಲ್ಲಿ, "ಇವತ್ತು ಎಷ್ಟಿದೆ?" ಎನ್ನುತ್ತಿದ್ದ. ಅವನಿಗೆ ಬೇಕಾದದ್ದು ಜಲಾಶಯದ ಅಂಕಿ. ನಮಗೆ ಕಾಣುತ್ತಿದ್ದದ್ದು ಬೇರೆ: ಹಿನ್ನೀರು ಸರಿದಷ್ಟೂ, ಮಗ್ಗೆ ಊರಿನ ಆಚೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ್ದ ಹಳ್ಳಿಯೊಂದು ಮೇಲೇಳುತ್ತಿತ್ತು.

ಗೋಡೆಗಳೆಲ್ಲ ಎಂದೋ ಕರಗಿ, ಮೊಣಕಾಲೆತ್ತರದ ಕಲ್ಲಿನ ತಳಪಾಯಗಳು ಮಾತ್ರ ಬಿರುಕುಬಿಟ್ಟ ಕೆಸರಿನಲ್ಲಿ ಸಾಲಾಗಿ ಉಳಿದಿದ್ದವು. ಹಕ್ಕಿಯ ಸದ್ದೂ ಇರಲಿಲ್ಲ. ಊರಿಗೆ ನೀರು ಬಿಡುವ ನೀರುಗಂಟಿ ಮಂಜಣ್ಣ ನನ್ನನ್ನು ಅಲ್ಲಿಗೆ ಕರೆದೊಯ್ದದ್ದಕ್ಕೆ ಕಾರಣವಿತ್ತು. ಪಂಪಿನ ಪೈಪು ನೀರು ಸಿಗದೆ ಬಾಯಿ ತೆರೆದುಕೊಂಡು ನಿಂತಿತ್ತು. ಆ ಹಳ್ಳಿಯಲ್ಲಿ ಬತ್ತದ ಬಾವಿಯೊಂದಿತ್ತಂತೆ, ಜನ ಊರು ಬಿಡುವಾಗ ಅದಕ್ಕೆ ಚಪ್ಪಡಿ ಮುಚ್ಚಿದ್ದರಂತೆ. ಅದು ಸಿಕ್ಕರೆ ಮಳೆ ಬರುವವರೆಗೆ ನಮ್ಮ ಬೀದಿಗಳು ಬದುಕುತ್ತಿದ್ದವು. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದ ನಾನು, ಹಳೆಯ ನಕ್ಷೆಯೊಂದನ್ನು ಬಗಲಲ್ಲಿಟ್ಟುಕೊಂಡು ಸಕಲಶಾಸ್ತ್ರಪಾರಂಗತನಂತೆ ಹೊರಟೆ.

ಗಡಿಕಲ್ಲು ಹುಡುಕಿ, ಅಳತೆ ಹಿಡಿದು, ತೋಡಬೇಕಾದ ಜಾಗವನ್ನು ಗುರುತು ಹಾಕಿಯೂ ಕೊಟ್ಟೆ. ನಾಲ್ವರು ಮಧ್ಯಾಹ್ನದವರೆಗೆ ತೋಡಿದರು. ಸಿಕ್ಕಿದ್ದು ದನದ ಗೋದಲಿ. ನಾನು ಗಡಿಕಲ್ಲೆಂದು ನಂಬಿದ್ದು ಯಾರೋ ಎಮ್ಮೆ ಕಟ್ಟುತ್ತಿದ್ದ ಕಲ್ಲು.

ಮರುದಿನ ಮಂಜಣ್ಣ ತನ್ನ ತಾಯಿ ದ್ಯಾವಮ್ಮನನ್ನು ಕರೆತಂದ. ಆಕೆ ಆ ಊರಿನ ಸೊಸೆ. ಬಾವಿಯಿದ್ದದ್ದು ಆಕೆಯ ಮನೆಯ ಹಿತ್ತಲಲ್ಲಿ. ಇದೇ ಮಂಜಣ್ಣನ ಬಾಣಂತನಕ್ಕೆ ಆಕೆ ತವರಿಗೆ ಹೋಗಿದ್ದಾಗ ಇಲ್ಲಿ ಸಾಮಾನು ಲಾರಿ ಹತ್ತಿ, ನೀರು ಬಂದು, ಎಲ್ಲ ಮುಗಿದಿತ್ತಂತೆ. ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಆಕೆಗೆ ಒಂದೇ ಕೊರಗು.

"ಬಾಗ್ಲು ಹಾಕಾಕೆ ನಾನಿರ್ನಿಲ್ಲ ಸಾಮಿ, ಯಾರೂ ಹಾಕ್ದೆ ಬಂದ್ಬುಟ್ರು. ಮನೆ ಇನ್ನೂ ನನ್ ದಾರಿ ಕಾಯ್ತಾ ಐತೆ. ಕರೀತದೆ. ಬಾವಿ ತೋರಿಸ್ತೀನಿ, ಆಮೇಲೆ ಬಾಗ್ಲು ಹಾಕಿ ಬರ್ತೀನಿ, ಅಷ್ಟೇಯ."

ಪಾಪ ಅನ್ನಿಸಿತು, ಒಳಗೊಳಗೆ ನಗುವೂ ಬಂತು. ಆಕೆಯ ಮನೆಯಿದ್ದ ಜಾಗ ತಲುಪಿದಾಗ, ಹತ್ತಿರದ ದಾರಿಯೆಂದು ತಳಪಾಯವನ್ನು ದಾಟಿ ಒಳಗೆ ಕಾಲಿಟ್ಟೆ.

"ಅಯ್ಯೋ! ಗೋಡೆ ದಾಟ್ಕಂಡು ಯಾರಾದ್ರೂ ಒಳಕ್ಕೆ ಬರ್ತಾರಾ? ಬಾಗ್ಲು ಈ ಕಡೆ ಐತೆ, ಬನ್ನಿ" ಎಂದು ಗದರಿದಳು. ಹಿಂದಕ್ಕೆ ಹೋಗಿ, ಸುತ್ತು ಹಾಕಿ, ಬಾಗಿಲಿಂದ ಬಂದೆ.

ಆದರೆ ಹಿತ್ತಲಿಗೆ ಹೋದವಳು ತಬ್ಬಿಬ್ಬಾಗಿ ನಿಂತಳು. ಆಮೇಲೆ ಮಗನಿಗೆ, "ಒಂದ್ ಕೊಡ ತಾರಪ್ಪ. ಸೊಂಟದ ಮ್ಯಾಲೆ ಕೊಡ ಇಲ್ದಿದ್ರೆ ಕಾಲಿಗೆ ದಾರಿ ತಿಳಿಯಕಿಲ್ಲ" ಎಂದಳು. ಪಂಪ್‌ಹೌಸಿನಿಂದ ಪ್ಲಾಸ್ಟಿಕ್ ಕೊಡ ಬಂತು. ಅದನ್ನು ಸೊಂಟಕ್ಕೇರಿಸಿದ್ದೇ ತಡ, ಆಕೆಯ ನಡಿಗೆ ಬದಲಾಯಿತು. ಮತ್ತೆ ಮುಂಬಾಗಿಲಿಗೆ ಬಂದು ತಲೆ ಬಗ್ಗಿಸಿದಳು, ನಡುಮನೆ ದಾಟಿದಳು, ಅಡುಗೆಮನೆಯ ಹೊಸ್ತಿಲಲ್ಲಿ ಕಾಲೆತ್ತಿಟ್ಟಳು, ಯಾವುದೋ ಕಂಬವನ್ನು ಬಳಸಿ ಹೋದಳು. ಏನೂ ಇಲ್ಲದ ಬಯಲಲ್ಲಿ ಒಂದು ಮನೆ ಆಕೆಯ ಸುತ್ತ ಎದ್ದು ನಿಲ್ಲುವುದನ್ನು ನೋಡಿ ನನ್ನ ಬೆನ್ನು ತಣ್ಣಗಾಯಿತು. ಹಿತ್ತಲಲ್ಲಿ ಎಂಟು ಹೆಜ್ಜೆ ಇಟ್ಟು ಕೊಡ ಇಳಿಸಿದಳು. ಅಲ್ಲಿ ಮೂರಡಿ ತೋಡುವಷ್ಟರಲ್ಲಿ ಹಾರೆ ಚಪ್ಪಡಿಗೆ ತಾಗಿ ಸದ್ದಾಯಿತು.

ನೀರಿತ್ತು. ಕೆಸರು ಎತ್ತಿಸಿ, ಪರೀಕ್ಷೆ ಮಾಡಿಸಿ, ಪೈಪು ಎಳೆದರು. ನಮ್ಮ ನಲ್ಲಿ ಮತ್ತೆ ಮಾತಾಡಿತು. "ಇನ್ನು ಬಾಗಿಲು ಹಾಕಮ್ಮ" ಎಂದೆ. ಆಕೆ ತಲೆಯಾಡಿಸಿದಳು.

"ಹಿತ್ಲಲ್ಲಿ ಜನ ನೀರು ಸೇದ್ತಾ ಇರೋವಾಗ ಬಾಗ್ಲು ಹಾಕಬಾರ್ದು. ನಮ್ಮತ್ತೆ ಯಾವತ್ತೂ ಹಾಕ್ದೋಳಲ್ಲ."

ಅಂದರೆ ಬಾವಿಯ ಹಂಗು ಊರಿಗೆ ತಪ್ಪುವವರೆಗೆ, ಮಳೆ ಬರುವವರೆಗೆ, ಕಾಯಬೇಕು. ಮಳೆ ಜೋರಾದರೆ ಮನೆಯೇ ಮುಳುಗುತ್ತದೆ. ಊರೆಲ್ಲ ಮೋಡ ನೋಡಿ ಹಿಗ್ಗುತ್ತಿದ್ದಾಗ ದ್ಯಾವಮ್ಮನೊಬ್ಬಳ ಮುಖ ಸಣ್ಣಗಾಗುತ್ತಿತ್ತು. ಆಕೆಗೆ ಮೋಸವಾಗದಿರಲಿ ಎಂದು ನಾನೂ ಹಂಬಲಿಸತೊಡಗಿದ್ದೆ.

ಸಕಲೇಶಪುರದ ಕಡೆ ಮೂರು ದಿನ ಎಡೆಬಿಡದೆ ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ಬಾವಿಯ ಪಂಪನ್ನು ಎತ್ತಿದ ಕೂಡಲೇ ನಾವು ಮೂವರೂ ಓಡಿದೆವು. ಹೊಳೆ ಆಗಲೇ ಹಿತ್ತಲಿಗೆ ಬಂದು, ಅಡುಗೆಮನೆಗೆ ಸದ್ದಿಲ್ಲದೆ ನುಗ್ಗುತ್ತಿತ್ತು. ದ್ಯಾವಮ್ಮ ತಲೆ ಬಗ್ಗಿಸಿ ಒಳಹೋದಳು. ಜಾರಿ ಬಿದ್ದಾಳೆಂದು ನಾನೂ ಹಿಂದೆಯೇ ಹೋದೆ. ಆಕೆ ಒಂದೊಂದು ಮೂಲೆಯಲ್ಲೂ ನಿಂತು ಕೈ ಮುಗಿದಳು. ಹೊರಗಿನಿಂದ ಮಂಜಣ್ಣ "ನೀರು ಏರ್ತಾ ಐತೆ, ಬಾರವ್ವ!" ಎಂದು ಕೂಗಿದ. ಆಕೆ ಹೊರಬಂದು, ತಿರುಗಿ ನಿಂತು, ಗಾಳಿಯಲ್ಲಿ ಎರಡು ಕದಗಳನ್ನೂ ಎಳೆದುಕೊಂಡು, ಚಿಲಕ ಹಾಕಿದಳು. ಮಗನ ಕೈ ಹಿಡಿದು ನಾಲ್ಕು ಹೆಜ್ಜೆ ನಡೆದವಳು ಗಕ್ಕನೆ ನಿಂತಳು.

"ಅಯ್ಯಯ್ಯೋ, ಸಾಮಿ ಒಳಗೇ ಉಳ್ಕಂಬುಟ್ರು!"

ನಿಜ. ನಡುಮನೆಯಲ್ಲಿ ನಿಂತಿದ್ದೆ. ನೀರು ಪಾದ ಮುಳುಗಿಸಿ ಮೇಲೇರುತ್ತಿತ್ತು. ಎದುರಿಗಿದ್ದದ್ದು ಮೊಣಕಾಲೆತ್ತರದ ಕಲ್ಲಿನ ಸಾಲು, ಆಚೆಗೆ ಬರಿಯ ಬಯಲು, ಮಳೆ. ಒಂದು ಹೆಜ್ಜೆ ಎತ್ತಿಟ್ಟಿದ್ದರೆ ಸಾಕಿತ್ತು. ಆ ಹೆಜ್ಜೆ ಏಳಲಿಲ್ಲ. ದ್ಯಾವಮ್ಮ ಓಡಿ ಬಂದು ಚಿಲಕ ತೆಗೆಯುವವರೆಗೂ ನಾನು ಬಾಗಿಲ ಬಳಿ ಕಾದು ನಿಂತಿದ್ದೆ.