ಇಸಾಕುವಿನ ಎಡಗೈ

ಬರೆದುಕೊಂಡೆಯಾ ಸಾಯೊ? ಎಲ್ಲಿದ್ದೆ ನಾನು? ಹಾಂ, ತೋವಾ. ಗುಡ್ಡದ ಗುಡಿಯ ಕೆಳಗೆ ಸೋಯಾ ಕಾಳಿನ ತೋಫು ಮಾಡಿ ಮಾರುವ ತೋವಾ. ಅವಳ ತೋಫು ಸ್ವಲ್ಪ ಗಟ್ಟಿ, ಆದರೆ ಸಾರಿನಲ್ಲಿ ಒಡೆಯುವುದಿಲ್ಲ. ಅದಿರಲಿ.

ಗುಡಿಯ ಮೆಟ್ಟಿಲುಗಳ ಎರಡೂ ಬದಿಗೆ ಕಲ್ಲಿನ ಲಾಂದ್ರಗಳಿವೆಯಲ್ಲ, ಅದರಲ್ಲೊಂದನ್ನು ತೋವಾಳ ಅಪ್ಪ, ಕಲ್ಲುಕುಟಿಗ ಇಸಾಕು, ತಾನೇ ಕೆತ್ತಿ ದೇವರಿಗೆ ಒಪ್ಪಿಸಿದ್ದ. ಅವನದೊಂದು ಫೋಟೋ ಕೂಡ ಉಳಿದಿಲ್ಲ. ತೋವಾಳಿಗೆ ಅಪ್ಪ ಎಂದರೆ ಆ ಲಾಂದ್ರವೇ. ಸಂಜೆ ದೀಪ ಹಚ್ಚಿ, "ಅಪ್ಪಾ, ಇವತ್ತು ಕಾಳು ಸರಿಯಾಗಿ ನೆನೀಲೇ ಇಲ್ಲ ನೋಡು" ಎಂದು ಮಾತಾಡಿ ಬರುತ್ತಿದ್ದಳು.

ಈ ವಸಂತದಲ್ಲಿ ಭೂಮಿ ನಡುಗಿತಲ್ಲ, ಆಗ ಎಲ್ಲ ಉರುಳಿಬಿದ್ದವು. ಲಾಂದ್ರಕ್ಕೆ ಗಾರೆ ಹಾಕುವುದಿಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸುವುದಷ್ಟೇ. ಕಂಬ, ದೀಪದ ಗೂಡು, ಚಾವಣಿ, ತುದಿಯ ಮೊಗ್ಗು ಒಂದರದ್ದು ಇನ್ನೊಂದರ ಜೊತೆ ಬೆರೆತುಹೋದವು. ದೀಪದ ಹಬ್ಬದೊಳಗೆ ಮತ್ತೆ ನಿಲ್ಲಿಸಬೇಕಿತ್ತು. ತೋವಾಳ ಲಾಂದ್ರದ ಪಕ್ಕದ್ದು, ಅಕ್ಕಿಯ ಮದ್ಯ ‘ಸಾಕೆ’ ಮಾಡುವ ಗೆಂಪಾಚಿಯ ಮನೆಯವರು ಕೊಟ್ಟದ್ದು. ಈಗ ಎದುರಿಗೆ ಎರಡು ಗೂಡು. ಎರಡಕ್ಕೂ ಒಂದು ಪಕ್ಕ ಸೂರ್ಯನ ದುಂಡು ಕಿಂಡಿ, ಇನ್ನೊಂದು ಪಕ್ಕ ಚಂದ್ರನ ಬಾಗು ಕಿಂಡಿ.

"ಆ ಚೆಂದದ್ದು ನಮ್ದು," ಎಂದಳು ತೋವಾ.

"ಯಾಕಮ್ಮ, ಚೆಂದ ಇರೋದೆಲ್ಲ ನಿಮ್ಮದೇನಾ? ನಿನ್ ತೋಫು ನೋಡಿದ್ರೆ ಹಾಗೇನ್ ಅನ್ಸಲ್ಲ," ಎಂದ ಗೆಂಪಾಚಿ.

"ಬೆಳಿಗ್ಗೇನೇ ಏರಿಸ್ಕೊಂಡ್ ಬಂದ್ಯಾ ಗೆಂಪಣ್ಣ? ತಡಿ, ಈಗಲೇ ತೋರಿಸ್ತೀನಿ."

ಇಸಾಕು ಎಡಚ. ಕೆಲಸ ಕಲಿಸಿದ ಗುರು ಹೊಡೆದೂ ಹೊಡೆದೂ ಬಲಗೈ ರೂಢಿ ಮಾಡಿಸಿದ್ದ. ಆದ್ದರಿಂದ ಹೊರಮೈಯೆಲ್ಲ ಬಲಗೈ ಕೆಲಸ. ಗೂಡಿನ ಒಳಗೆ ಯಾರು ನೋಡುತ್ತಾರೆ? ಅಲ್ಲಿ ಎಡಗೈ. ಒಳಗೆ ಸವರಿದರೆ ಉಳಿಯ ಗೆರೆಗಳು ಉಳಿದವರ ಗೆರೆಗಳಿಗಿಂತ ವಿರುದ್ಧ ದಿಕ್ಕಿಗೆ ವಾಲಿರುತ್ತವೆ. ಚಿಕ್ಕಂದಿನಲ್ಲಿ ಅಪ್ಪನೇ ಅವಳ ಬೆರಳು ಹಿಡಿದು ತೋರಿಸಿದ್ದನಂತೆ.

ಚೆಂದದ ಗೂಡಿಗೆ ಕೈ ಹಾಕಿದಳು. "ನೋಡಿದ್ಯಾ! ಅಪ್ಪಂದೇ!"

"ಇದಕ್ಕೂ ಹಾಕು, ಮಿಕ್ಕಿದ್ದಕ್ಕೂ ನ್ಯಾಯ ಬೇಡ್ವಾ?"

ಇನ್ನೊಂದಕ್ಕೂ ಹಾಕಿದಳು. ಹಾಕಿದ ಕೈ ಹೊರಗೆ ಬರಲೇ ಇಲ್ಲ.

"ಏನೇ, ಹಲ್ಲಿ ಕಚ್ತಾ?" ಎಂದು ಕೇಳಿದೆ, ಪಕ್ಕದ ಮನೆಯವಳೆಂದು ಜೊತೆಗೆ ಹೋಗಿದ್ದ ನಾನು.

"ಅಕ್ಕಾ, ಇದೂ ಅಪ್ಪಂದೇ ಕಣೆ."

ಗೆಂಪಾಚಿ ತಾನೂ ಬಗ್ಗಿ ಗೂಡಿನೊಳಗೆ ಇಣುಕಿದ. "ಹಾಗಾದ್ರೆ ನಮ್ಮಜ್ಜ ಕ್ಯೋಟೋದಿಂದ ತರಿಸ್ದೆ ಅಂತ ಸಾಯೋವರ್ಗೂ ಕೊಚ್ಕೊಂಡಿದ್ದು?"

"ನಿಮ್ಮಜ್ಜ ಕ್ಯೋಟೋ ಕಂಡಿದ್ದು ಕ್ಯಾಲೆಂಡರ್‌ನಲ್ಲಿ," ಎಂದೆ.

ತೋವಾ ನಗಲಿಲ್ಲ. "ಯಾವುದ್ ಬೇಕೋ ಇಟ್ಕೋ ಗೆಂಪಣ್ಣ," ಎಂದವಳೇ ಮುಂದಿನ ಗೂಡಿಗೆ ಕೈ ಹಾಕಿದಳು. ಅದು ಅಲ್ಲ. ಅದರ ಮುಂದಿನದು ಹೌದು. ಒಂದೇ ಲಾಂದ್ರದಲ್ಲಿದ್ದ ಅಪ್ಪ ಈಗ ದಾರಿಯುದ್ದಕ್ಕೂ ಅಲ್ಲಲ್ಲಿ ಸಿಗತೊಡಗಿದ. ಮೊಣಕೈವರೆಗೆ ಮಸಿ, ಮುಖದ ತುಂಬ ಜೇಡರ ಬಲೆ, ಕರೆದರೂ ಕಿವಿಗೊಡಲಿಲ್ಲ. ಮೆಟ್ಟಿಲ ದಾರಿಗೆ ಅಡ್ಡಲಾಗಿ ನಿಂತ ಎರಡನೇ ಕೆಂಪು ಕಮಾನಿನ ಹತ್ತಿರ ಅವಳ ಮಂಡಿ ಕೈಕೊಟ್ಟಿತು. ನಾನೇ ಹಿಡಿದುಕೊಂಡು ಇಳಿಸಿದೆ. ಇಳಿಯುವಾಗಲೂ ಮೇಲಕ್ಕೇ ನೋಡುತ್ತಿದ್ದಳು.

ಅವತ್ತಿನಿಂದ ಅವಳಿಗೆ ಹತ್ತಲಾಗಿಲ್ಲ, ನನ್ನ ಮಂಡಿಯೂ ಅಷ್ಟಕ್ಕಷ್ಟೇ. ಬರೆದದ್ದು ಸಾಕು, ಎದ್ದೇಳು. ಕಮಾನಿನ ಆಚೆಗಿರುವ ಲಾಂದ್ರಗಳಿಗೆಲ್ಲ ಕೈ ಹಾಕಿ ಸವರಿ ಬಾ. ಗೆರೆ ಯಾವ ಕಡೆ ವಾಲಿದೆ ಅಂತ ನನಗಲ್ಲ, ನೇರ ಹೋಗಿ ತೋವಾಳಿಗೇ ಹೇಳು. ಬರುವಾಗ ಎರಡು ಅಚ್ಚು ತೋಫು ತಾ.